ಅಭಿಷಿಕ್ತನು ಯಾರು?

ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿ ಎಂಬ ಊರಿದೆ. ಅಲ್ಲಿರುವ ಜಪಮಾಲೆ ಮಾತೆಯ ದೇವಾಲಯವು ಕೊಂಗುನಾಡಿನ ಹಳೆಯ ಕ್ರೈಸ್ತ ಕೇಂದ್ರಗಳಲ್ಲಿ ಒಂದು. 17ನೆಯ ಶತಮಾನದಿಂದಲೇ ಈ ಭಾಗದಲ್ಲಿ ಕ್ರೈಸ್ತರು ನೆಲೆಸಿದ್ದಾರೆ. ಡಿಸೆಂಬರ್ ತಿಂಗಳು ಬಂದಿತೆಂದರೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಚರ್ಚುಗಳಲ್ಲಿ ಗೋದಲಿ ಕಟ್ಟುತ್ತಾರೆ. ಹುಲ್ಲಿನ ಮೇಲೆ ಮಲಗಿಸಿದ ಶಿಶುವಿನ ಮುಂದೆ ಜನರು ಮೊಣಕಾಲೂರಿ ನಮಿಸುವುದನ್ನು ನೀವು ನೋಡಿರಬಹುದು. ಒಬ್ಬ ಬಡಗಿಯ ಮನೆಯಲ್ಲಿ ಬೆಳೆದ ಯೇಸುವನ್ನು ಕ್ರೈಸ್ತರು ದೇವರೆಂದು ಏಕೆ ಆರಾಧಿಸುತ್ತಾರೆ? ಅದನ್ನು ತಿಳಿಯೋಣ.

'ಮೆಸ್ಸೀಯ' ಎಂಬುದು ಹೀಬ್ರೂ ಭಾಷೆಯಿಂದ ಬಂದ ಪದ. ಅದರ ಅರ್ಥ 'ಅಭಿಷಿಕ್ತ'. ಹಿಂದೆ ಯೆಹೂದ್ಯರು ಅರಸನಿಗೆ ಪಟ್ಟ ಕಟ್ಟುವಾಗ ತಲೆಯ ಮೇಲೆ ಎಣ್ಣೆ ಸುರಿದು ಅಭಿಷೇಕ ಮಾಡುತ್ತಿದ್ದರು. ಯಾಜಕರಿಗೂ ಹೀಗೆಯೇ ಅಭಿಷೇಕವಾಗುತ್ತಿತ್ತು. ಇದೇ ಪದ ಗ್ರೀಕ್ ಭಾಷೆಯಲ್ಲಿ 'ಕ್ರಿಸ್ತೋಸ್' ಎಂದಾಯಿತು. ಆದ್ದರಿಂದ 'ಕ್ರಿಸ್ತ' ಎಂಬುದು ಮನೆತನದ ಹೆಸರಲ್ಲ, ಅದು ಬಿರುದು. ದಾವೀದ ಅರಸನ ವಂಶದಲ್ಲಿ ಹುಟ್ಟಿ ತಮ್ಮನ್ನು ಬಿಡಿಸುವ ಅಭಿಷಿಕ್ತನಿಗಾಗಿ ಯೆಹೂದ್ಯರು ಕಾದಿದ್ದರು. ಅವರು ಕಾದಿದ್ದುದು ದೇವರು ಕಳುಹಿಸುವ ಅರಸನಿಗಾಗಿ. ದೇವರೇ ಮನುಷ್ಯನಾಗಿ ಬರುವನೆಂದಲ್ಲ.

ಯೇಸುವಿನ ಶಿಷ್ಯರು ಕಂಡದ್ದು ಬೇರೆ ಬಗೆಯ ಅರಸನನ್ನು. ಆತನು ಸಿಂಹಾಸನವೇರಲಿಲ್ಲ, ಶಿಷ್ಯರ ಪಾದ ತೊಳೆದನು. ದೇವರಿಗೆ ಮಾತ್ರ ಸಲ್ಲುವ ಅಧಿಕಾರದಿಂದ ಜನರ ಪಾಪಗಳನ್ನು ಕ್ಷಮಿಸಿದನು. ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಆಜ್ಞೆಯಂತೆ ಆತನನ್ನು ಶಿಲುಬೆಗೆ ಏರಿಸಿದರು. ಮೂರನೆಯ ದಿನ ಆತನು ಮತ್ತೆ ಎದ್ದು ಬಂದನೆಂದು ಶಿಷ್ಯರು ಸಾರಿದರು. ಸಂದೇಹಪಟ್ಟಿದ್ದ ತೋಮನೇ ಆತನನ್ನು ಕಂಡು ದೇವರೆಂದು ಕರೆದನೆಂದು ಯೋಹಾನನ ಸುವಾರ್ತೆ ತಿಳಿಸುತ್ತದೆ.

ಈ ನಂಬಿಕೆಯ ಬಗ್ಗೆ ಕ್ರೈಸ್ತರಲ್ಲಿಯೇ ದೊಡ್ಡ ಚರ್ಚೆ ನಡೆಯಿತು. ಅಲೆಗ್ಸಾಂಡ್ರಿಯದ ಗುರು ಆರಿಯಸ್, ಯೇಸು ಎಲ್ಲ ಸೃಷ್ಟಿಗಿಂತ ಶ್ರೇಷ್ಠನಾದರೂ ದೇವರಿಂದ ಸೃಷ್ಟಿಯಾದವನೇ ಎಂದನು. 325ರಲ್ಲಿ ಇಂದಿನ ತುರ್ಕಿಯಲ್ಲಿರುವ ನಿಸೇಯ ಪಟ್ಟಣದಲ್ಲಿ ಧರ್ಮಾಧ್ಯಕ್ಷರ ಸಭೆ ಸೇರಿತು. ಪುತ್ರನು ಸೃಷ್ಟಿಯಲ್ಲ, ಪಿತನೊಂದಿಗೆ ಒಂದೇ ಸತ್ವದವನು ಎಂದು ಅದು ತೀರ್ಮಾನಿಸಿತು. 451ರಲ್ಲಿ ಕಾಲ್ಸೆಡನ್ ಸಭೆಯು ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ಸಾರಿತು. ನಿಸೇಯ ಸಭೆಗೆ 2025ರಲ್ಲಿ 1700 ವರ್ಷ ತುಂಬಿದವು. ಅದರ ಹೆಸರಿನ ವಿಶ್ವಾಸ ಪ್ರಮಾಣವನ್ನು ಕಥೊಲಿಕರೂ ಸಿ.ಎಸ್.ಐ. ಸಭೆಯವರೂ ಇಂದಿಗೂ ಪಠಿಸುತ್ತಾರೆ.

ಒಂದು ಪದಕ್ಕಾಗಿ ಇಷ್ಟು ವಾದವೇಕೆ? ಯೇಸು ಕೇವಲ ಮನುಷ್ಯನಾಗಿದ್ದರೆ ಮನುಕುಲವನ್ನು ಪಾಪದಿಂದ ಬಿಡಿಸಲು ಆತನಿಂದ ಆಗದು. ಆತನು ಕೇವಲ ದೇವರಾಗಿದ್ದರೆ ಆತನ ಹಸಿವು, ಕಣ್ಣೀರು, ಮರಣ ಬರಿಯ ತೋರಿಕೆಯಾಗುತ್ತವೆ. ದೇವರೇ ನಮ್ಮ ನೋವನ್ನು ತನ್ನ ಮೈಮೇಲೆ ಹೊತ್ತನು ಎಂಬುದೇ ಕ್ರೈಸ್ತ ವಿಶ್ವಾಸದ ತಿರುಳು.

ಈ ವಿಚಾರವನ್ನು ನಮ್ಮ ಭಾಷೆಗಳಲ್ಲಿ ಹೇಳುವ ಯತ್ನ ಬಹಳ ಹಿಂದೆಯೇ ನಡೆಯಿತು. 17ನೆಯ ಶತಮಾನದಲ್ಲಿ ಜೆಸ್ವಿಟ್ ಗುರುಗಳ ಮೈಸೂರು ಮಿಷನ್ನಿಗೆ ಸತ್ಯಮಂಗಲದ ಪ್ರದೇಶವೂ ಸೇರಿತ್ತು. ಆ ಮಿಷನ್ನಿನ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಗುರು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಪುಸ್ತಕ ಬರೆದನು. ದೇವರು ಮನುಷ್ಯನಾದುದನ್ನು ಕನ್ನಡ ಕ್ರೈಸ್ತರು 'ಮನುಷ್ಯಾವತಾರ' ಎನ್ನುವುದುಂಟು. 'ಅವತಾರ' ನಮಗೆ ಪರಿಚಿತವಾದ ಮಾತು. ಆದರೆ ಅರ್ಥದಲ್ಲಿ ವ್ಯತ್ಯಾಸವಿದೆ. ವಿಷ್ಣುವಿನ ಅವತಾರಗಳು ಹತ್ತು ಎಂದು ಎಣಿಸುತ್ತೇವೆ. ಕ್ರೈಸ್ತರ ನಂಬಿಕೆಯಂತೆ ದೇವರು ಮನುಷ್ಯನಾದುದು ಒಮ್ಮೆ ಮಾತ್ರ. ಧರಿಸಿದ ಮಾನವ ಸ್ವಭಾವವನ್ನು ಆತನು ಮತ್ತೆಂದೂ ಕಳಚಲಿಲ್ಲ.

ಎಲ್ಲರೂ ಇದನ್ನು ಒಪ್ಪುವುದಿಲ್ಲ. ಯೆಹೂದ್ಯರು ಯೇಸುವನ್ನು ಮೆಸ್ಸೀಯನೆಂದು ಸ್ವೀಕರಿಸಲಿಲ್ಲ. ಮುಸ್ಲಿಮರು ಆತನನ್ನು 'ಈಸಾ ಮಸೀಹ' ಎಂದು ಕರೆದು ಪ್ರವಾದಿಯೆಂದು ಗೌರವಿಸುತ್ತಾರೆ; ದೇವರೆಂದು ಒಪ್ಪುವುದಿಲ್ಲ. ನೆರೆಯವರು ಯಾವುದನ್ನು ಪವಿತ್ರವೆಂದು ಭಾವಿಸುತ್ತಾರೆ, ಏಕೆ ಭಾವಿಸುತ್ತಾರೆ ಎಂದು ತಿಳಿದರೆ ಭಿನ್ನಾಭಿಪ್ರಾಯದ ನಡುವೆಯೂ ಗೌರವ ಉಳಿಯುತ್ತದೆ. ನಾವೆಲ್ಲರೂ ಒಂದೇ ಬೀದಿಯಲ್ಲಿ ಬಾಳುವವರಲ್ಲವೇ?

ಪ್ರಶ್ನೆಗಳು
1. 'ಮೆಸ್ಸೀಯ' ಪದದ ಅರ್ಥವೇನು?
2. ನಿಸೇಯ ಸಭೆಯ ತೀರ್ಮಾನವೇನು?
3. ಯೇಸು ದೇವರೂ ಮನುಷ್ಯನೂ ಆಗಿರಬೇಕೆಂದು ಕ್ರೈಸ್ತರು ಏಕೆ ನಂಬುತ್ತಾರೆ?