ಓದುಗರ ಪ್ರಶ್ನೆ: ಬೆಂಗಳೂರಿನ ‘ಟೇಕ್ ಸೊಲ್ಯೂಷನ್ಸ್ ಮಾಸ್ಟರ್ಸ್’ ಗಾಲ್ಫ್ ಟೂರ್ನಿ ಮೇಲ್ದರ್ಜೆಗೆ ಏರಿದ್ದು ಹೇಗೆ?

ಟೇಕ್ ಸೊಲ್ಯೂಷನ್ಸ್ ಮಾಸ್ಟರ್ಸ್ ಹುಟ್ಟಿದ್ದು ಏಷ್ಯನ್ ಡೆವಲಪ್‌ಮೆಂಟ್ ಟೂರ್‌ನ ಟೂರ್ನಿಯಾಗಿ. 2010ರಲ್ಲಿ ಆರಂಭವಾದ ಈ ಟೂರ್, ಏಷ್ಯಾದ ವೃತ್ತಿಪರ ಗಾಲ್ಫ್ ಸರಣಿಯಾದ ಏಷ್ಯನ್ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು. ಇಲ್ಲಿ ಬಹುಮಾನದ ಮೊತ್ತ ಕಡಿಮೆ. ಆಟಗಾರರ ಕಣ್ಣೆಲ್ಲ ವರ್ಷಾಂತ್ಯದ ಕ್ರಮಾಂಕ ಪಟ್ಟಿಯ ಮೇಲೆ. ಅದರಲ್ಲಿ ಮುಂದಿರುವ ಕೆಲವರಿಗಷ್ಟೇ ಮರುವರ್ಷ ಏಷ್ಯನ್ ಟೂರ್‌ನಲ್ಲಿ ಆಡುವ ಅರ್ಹತೆ ಸಿಗುತ್ತದೆ. ಹಾಗಾಗಿ ಟ್ರೋಫಿ ಕೈತಪ್ಪಿದವರಿಗೂ ಕೊನೆಯ ದಿನದ ಒಂದೊಂದು ಪಟ್ (ಚೆಂಡನ್ನು ಕುಳಿಗೆ ಸೇರಿಸುವ ಹೊಡೆತ) ಮುಖ್ಯವೇ.

ಚೆನ್ನೈ ಮೂಲದ ಟೇಕ್ ಸೊಲ್ಯೂಷನ್ಸ್ ಕಂಪನಿ ಈ ಟೂರ್ನಿಯ ಪ್ರಾಯೋಜಕವಾಗಿತ್ತು. 2017ರಲ್ಲಿ ಟೂರ್ನಿಗೇ ಬಡ್ತಿ ಸಿಕ್ಕಿತು. ಅದು ಏಷ್ಯನ್ ಟೂರ್‌ಗೆ ಸೇರಿತು. ಆ ಆಗಸ್ಟ್‌ನಲ್ಲಿ ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಲ್ಲಿ ಥಾಯ್ಲೆಂಡ್‌ನ ಪೂಮ್ ಸಕ್ಸಾನ್ಸಿನ್ ಗೆದ್ದರು. 2018ರದ್ದು ಇನ್ನೂ ಸ್ವಾರಸ್ಯಕರ. ಕೊಡಗು ಮೂಲದ, ಕೋಲ್ಕತ್ತದಲ್ಲಿ ಬೆಳೆದ ವಿರಾಜ್ ಮಾದಪ್ಪ 20ರ ಹರೆಯದಲ್ಲೇ ಪ್ರಶಸ್ತಿ ಎತ್ತಿದರು. ಏಷ್ಯನ್ ಟೂರ್‌ನಲ್ಲಿ ಗೆದ್ದ ಅತಿ ಕಿರಿಯ ಭಾರತೀಯ ಎನಿಸಿಕೊಂಡರು.

ಬೀದರ್, ಭಾಲ್ಕಿ, ಔರಾದ್‌ ಕಡೆಯ ಓದುಗರಿಗಂತೂ ಬೆಂಗಳೂರು ಬಲು ದೂರ. ವೃತ್ತಿಪರ ಗಾಲ್ಫ್ ನೋಡಬೇಕೆಂದರೆ ಹೈದರಾಬಾದೇ ಹತ್ತಿರ. ಅಲ್ಲಿನ ಗಾಲ್ಫ್ ಮೈದಾನ ಗೋಲ್ಕೊಂಡದ ನಯಾ ಕಿಲಾ ಆವರಣದಲ್ಲಿದೆ. ಗೋಲ್ಕೊಂಡ ಮಾಸ್ಟರ್ಸ್ ನಡೆಯುವುದು ಅಲ್ಲೇ.  ಆದರೆ ಅದು ಭಾರತದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಟಿಐನ ಟೂರ್ನಿ, ಏಷ್ಯನ್ ಡೆವಲಪ್‌ಮೆಂಟ್ ಟೂರ್‌ನದಲ್ಲ.