ರೋಡ್ ಬೈಕ್‌ಗೆ ‘ಕ್ಲಿಪ್‌ಲೆಸ್’ ಪೆಡಲ್ ಹಾಕಿಸ್ತೀರಾ? ನಮ್ಮ ಕಡೆ ರಸ್ತೆಗೆ ಯಾವುದು ಸರಿ, ಯಾವುದು ಬೇಡ

ಅಕ್ಕೂರು (ಚನ್ನಪಟ್ಟಣ ತಾ.): ಭಾನುವಾರ ಬೆಳಗ್ಗೆ ಹೆಲ್ಮೆಟ್ಟು, ಬಿಗಿ ಬಟ್ಟೆ ಹಾಕ್ಕೊಂಡು ತೆಳು ಟೈರಿನ ಸೈಕಲ್ ತುಳಿಯುವವರನ್ನು ರಸ್ತೆ ಬದಿ ಅಂಗಡಿಯವರು ನೋಡಿಯೇ ಇರ್ತಾರೆ. ಟೀ ಕುಡಿಯೋಣ ಅಂತ ಬ್ರೇಕ್ ಹಿಡೀತಾರೆ, ಸೈಕಲ್ ನಿಲ್ಲುತ್ತೆ, ಕಾಲು ಮಾತ್ರ ಕೆಳಗೆ ಬರಲ್ಲ. ಕಡಿದ ಬಾಳೆಗಿಡದ ಹಾಗೆ ಸೈಕಲ್ ಸಮೇತ ಪಕ್ಕಕ್ಕೆ ಮಲಗಿಬಿಡ್ತಾರೆ. ಕುಡಿದು ಬಂದಿದ್ದಾನೇನೋ ಅಂದುಕೊಳ್ಳೋರೂ ಇದ್ದಾರೆ. ಕುಡಿದಿರಲ್ಲ. ಶೂ ಪೆಡಲ್‌ಗೆ ಕಚ್ಚಿಕೊಂಡಿರುತ್ತೆ, ಅಷ್ಟೇ.

ಮುಂಚೆ ಇದು ಬೆಂಗಳೂರಿನಿಂದ ಬರುವವರ ಪಾಡಾಗಿತ್ತು. ಈಗ ಊರ ಹುಡುಗರೂ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ (ಬೈಕ್ ಅಂದ್ರೆ ಇಲ್ಲಿ ಸೈಕಲ್ಲೇ) ತರ್ತಿದ್ದಾರೆ. ಹಳೇ ಮಾಲೀಕ ಹಾಕಿಸಿದ್ದ ಪೆಡಲ್ ಅದರ ಜೊತೆಗೇ ಬರುತ್ತೆ. ಅದು ಯಾವ ಜಾತಿ, ಯಾವ ಶೂ ಬೇಕು, ಎಷ್ಟು ಬಿಗಿ ಇದೆ ಅಂತ ನೋಡದೆ ಹತ್ತಿದರೆ ಮೊಣಕೈ, ಮಂಡಿ ಕೆತ್ತಿಸಿಕೊಳ್ಳೋದು ಗ್ಯಾರಂಟಿ. ಹಿಂದೆ ಲಾರಿ ಬರ್ತಿದ್ದರೆ ಕೆತ್ತಿದ ಗಾಯಕ್ಕೇ ಮುಗಿಯಲ್ಲ.

ಹೆಸರೇ ಮೊದಲು ದಾರಿ ತಪ್ಪಿಸುತ್ತೆ. ‘ಕ್ಲಿಪ್‌ಲೆಸ್’ ಅಂದ್ರೆ ಕ್ಲಿಪ್ ಇಲ್ಲದ್ದು, ಆದರೆ ಕಾಲು ಕಚ್ಚಿಕೊಳ್ಳೋದು ಇದರಲ್ಲೇ. ಹಿಂದೆ ರೇಸ್ ಸೈಕಲ್ ಪೆಡಲ್‌ಗೆ ಬೆರಳು ತೂರಿಸೋ ಕಬ್ಬಿಣದ ಗೂಡು, ಅದರ ಮೇಲೊಂದು ಬೆಲ್ಟ್ ಇರ್ತಿತ್ತು. ಆ ಗೂಡಿಗೆ ಟೋ ಕ್ಲಿಪ್ ಅಂತ ಹೆಸರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಶೂ ಕಚ್ಚಿಸೋ ತನ್ನ ತಂತ್ರವನ್ನೇ ಸೈಕಲ್‌ಗೆ ತಂದು ಗೂಡನ್ನು ತೆಗೆದುಹಾಕಿತು. ಗೂಡು ಹೋಯ್ತು, ‘ಕ್ಲಿಪ್‌ಲೆಸ್’ ಅನ್ನೋ ಹೆಸರು ಉಳೀತು. 1985ರಲ್ಲಿ ಬರ್ನಾರ್ಡ್ ಇನೊ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಎಲ್ಲರೂ ಅದರ ಹಿಂದೆ ಬಿದ್ದರು.

ಕೆಲಸ ಮಾಡೋ ರೀತಿ ಸರಳ. ಶೂ ಅಟ್ಟೆಗೆ ‘ಕ್ಲೀಟ್’ ಅನ್ನೋ ಒಂದು ತುಂಡು ಬೋಲ್ಟ್ ಮಾಡಿರುತ್ತೆ. ಪೆಡಲ್ ಮೇಲೆ ಒತ್ತಿದರೆ ಸ್ಪ್ರಿಂಗ್ ಅದನ್ನು ‘ಟಕ್’ ಅಂತ ಹಿಡಿಯುತ್ತೆ. ಬಿಡಿಸಬೇಕಾದ್ರೆ ಕಾಲು ಮೇಲಕ್ಕೆ ಎಳೆಯೋದಲ್ಲ, ಹಿಮ್ಮಡಿಯನ್ನು ಸೈಕಲ್‌ನಿಂದ ಹೊರಕ್ಕೆ ತಿರುಗಿಸಬೇಕು. ಗಾಬರಿಯಾದಾಗ ಮನುಷ್ಯ ಮೇಲಕ್ಕೇ ಎಳೀತಾನೆ. ಬೀಳೋದು ಅದಕ್ಕೇ.

ಅಂಗಡಿಯಲ್ಲಿ ಸಿಗೋದು ಮುಖ್ಯವಾಗಿ ಎರಡು ಜಾತಿ. ಮೂರು ಬೋಲ್ಟಿಂದು ರಸ್ತೆ ರೇಸಿಗೆ ಮಾಡಿದ್ದು. ಶಿಮಾನೊದ ಎಸ್‌ಪಿಡಿ-ಎಸ್‌ಎಲ್, ಲುಕ್ ಕಿಯೊ ಎರಡೂ ಇದೇ ಗುಂಪು. ಇದರ ಕ್ಲೀಟ್ ಪ್ಲಾಸ್ಟಿಕ್, ಅಗಲ, ಅಟ್ಟೆಯಿಂದ ಹೊರಗೆ ಚಾಚಿರುತ್ತೆ. ಪಾದಕ್ಕೆ ಹಿಡಿತ ಚೆನ್ನಾಗಿ ಸಿಗುತ್ತೆ, ಕೆಳಗಿಳಿದು ನಡೆದರೆ ಮಾತ್ರ ಬಾತುಕೋಳಿ ನಡಿಗೆ. ಎರಡು ಬೋಲ್ಟಿಂದು ಎಸ್‌ಪಿಡಿ. ಶಿಮಾನೊ ಇದನ್ನು 1990ರಲ್ಲಿ ಬೆಟ್ಟಗುಡ್ಡ ಹತ್ತೋ ಸೈಕಲ್‌ಗೆ ಅಂತ ತಂದದ್ದು. ಕ್ಲೀಟ್ ಚಿಕ್ಕದು, ಕಬ್ಬಿಣದ್ದು, ಅಟ್ಟೆಯ ಗುಳಿಯೊಳಗೆ ಕೂತಿರುತ್ತೆ. ಸಾಮಾನ್ಯ ಶೂ ಥರಾನೇ ನಡೀಬಹುದು.

ಎಸ್‌ಪಿಡಿ, ಎಸ್‌ಪಿಡಿ-ಎಸ್‌ಎಲ್ ಅಂತ ಹೆಸರು ಒಂದೇ ಥರ ಇದೆ ಅಂತ ಮೋಸ ಹೋಗಬೇಡಿ, ಒಂದರ ಕ್ಲೀಟ್ ಇನ್ನೊಂದಕ್ಕೆ ಕೂರಲ್ಲ. ಲುಕ್ ಕಿಯೊದ್ದೂ ಶಿಮಾನೊಗೆ ಆಗಲ್ಲ, ಎರಡಕ್ಕೂ ಮೂರೇ ಬೋಲ್ಟ್ ಇದ್ದರೂ. ಶೂ ಕೊಳ್ಳುವಾಗ ಅಡಿ ತಿರುಗಿಸಿ ತೂತು ಎರಡೋ ಮೂರೋ ಎಣಿಸಿ. ಹೊಸ ಪೆಡಲ್ ಡಬ್ಬದಲ್ಲಿ ಸಾಮಾನ್ಯವಾಗಿ ಕ್ಲೀಟ್ ಇರುತ್ತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೇಳಿ ಇಸ್ಕೊಬೇಕು.

ಹಾಗಾದ್ರೆ ನಮ್ಮ ಕಡೆಗೆ ಯಾವುದು? 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆ ಸೈಕಲ್‌ಗೂ ಪ್ರವೇಶ ಇಲ್ಲ. ಉಳಿದಿರೋದು ಸರ್ವೀಸ್ ರಸ್ತೆ, ಇಲ್ಲಾ ಹಳ್ಳಿ ರಸ್ತೆ. ಸರ್ವೀಸ್ ರಸ್ತೇಲಿ ಎದುರಿನಿಂದಲೇ ಆಟೊ ಬರುತ್ತೆ. ಹಳ್ಳಿ ರಸ್ತೇಲಿ ಬಣ್ಣ ಬಳಿಯದ ಹಂಪು, ಮೇಕೆ ಹಿಂಡು, ಅಟ್ಟಿಸಿಕೊಂಡು ಬರೋ ನಾಯಿ. ಸುಗ್ಗಿ ಟೈಮಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಅಂತ ರಸ್ತೆ ತುಂಬಾ ಹಾಸಿರ್ತಾರೆ, ತೆಳು ಟೈರು ಅದರ ಮೇಲೆ ಜಾರಿದಾಗ ಕ್ಷಣದಲ್ಲಿ ಕಾಲು ನೆಲಕ್ಕೆ ಬರಬೇಕು. ವಿಜಯಪುರ, ಬಾಗಲಕೋಟೆ ಕಡೆ ರೇಸ್ ಓಡಿಸೋ ಹುಡುಗರು ಮಧ್ಯೆ ಟೀ ಕುಡಿಯಕ್ಕೆ ನಿಲ್ಲಲ್ಲ, ಅವರಿಗೆ ಮೂರು ಬೋಲ್ಟಿಂದು ಸರಿ. ಇಲ್ಲಿ ಹತ್ತಿ ಇಳಿಯೋದೇ ಜಾಸ್ತಿ. ಮಳೆಗಾಲದ ಕೆಮ್ಮಣ್ಣು ಪ್ಲಾಸ್ಟಿಕ್ ಕ್ಲೀಟಿಗೆ ಮೆತ್ತಿಕೊಂಡರೆ ಪೆಡಲ್ ಅದನ್ನು ಹಿಡಿಯೋದೇ ಇಲ್ಲ. ರೋಡ್ ಬೈಕೇ ಆಗಿದ್ದರೂ ಎರಡು ಬೋಲ್ಟಿನ ಎಸ್‌ಪಿಡಿ ಮೇಲು.

ಅದರಲ್ಲೂ ಒಂದು ಮಗ್ಗುಲು ಕ್ಲಿಪ್, ಇನ್ನೊಂದು ಮಗ್ಗುಲು ಸಾದಾ ಇರೋ ಪೆಡಲ್ ಬರುತ್ತೆ (ಶಿಮಾನೊ ಇಎಚ್500 ಅಂಥದ್ದು). ಸಂತೆಗೆ ಹೋಗುವಾಗ ಹವಾಯಿ ಚಪ್ಪಲಿಯಲ್ಲೇ ತುಳೀಬಹುದು, ದೂರ ಹೊರಟಾಗ ಮಗ್ಗುಲು ತಿರುಗಿಸಿದರಾಯ್ತು. ಹೊಸಬರು ಕ್ಲೀಟಲ್ಲೂ ‘ಎಸ್‌ಎಚ್56’ ಅಂತ ಇರೋದನ್ನೇ ಕೇಳಿ. ಮಾಮೂಲಿ ‘ಎಸ್‌ಎಚ್51’ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತೆ, 56 ಜೋರಾಗಿ ಮೇಲಕ್ಕೆ ಎಳೆದರೂ ಬಿಡುತ್ತೆ.

ಈಗಾಗಲೇ ಮೂರು ಬೋಲ್ಟಿನ ಶಿಮಾನೊ ಇದ್ದವರು ಕ್ಲೀಟ್ ಬಣ್ಣ ನೋಡಿ. ಹಳದಿಯಲ್ಲಿ ಪಾದ 6 ಡಿಗ್ರಿ ಆಚೀಚೆ ಆಡುತ್ತೆ, ನೀಲಿಯಲ್ಲಿ 2, ಕೆಂಪಲ್ಲಿ ಅಲ್ಲಾಡಲ್ಲ. ಲುಕ್‌ನಲ್ಲಿ ಲೆಕ್ಕ ಉಲ್ಟಾ: ಕೆಂಪಿಗೇ ಹೆಚ್ಚು, 9 ಡಿಗ್ರಿ, ಕಪ್ಪಿಗೆ ಸೊನ್ನೆ. ಸೊನ್ನೆಯದ್ದನ್ನು ಸೊಟ್ಟಗೆ ಕೂರಿಸಿ ದಿನಾ ತುಳಿದರೆ ಮಂಡಿ ನೋವು ಶುರು. ಕ್ಲೀಟ್ ಇರಬೇಕಾದ್ದು ಬೆರಳ ಬುಡದ ಉಬ್ಬಿನ ಕೆಳಗೆ.

ಇದನ್ನು ಹಾಕಿದರೆ ಸ್ಪೀಡ್ ದುಪ್ಪಟ್ಟಾಗುತ್ತೆ ಅನ್ನೋ ಮಾತು ನಂಬಬೇಡಿ. ಪೆಡಲ್ ಮೇಲಕ್ಕೂ ಎಳೆಯೋದರಿಂದ ಶಕ್ತಿ ಉಳಿಯುತ್ತೆ ಅಂತ ಹೇಳ್ತಾರೆ, ಆದರೆ ಒಂದೇ ವೇಗದಲ್ಲಿ ತುಳಿಸಿ ಅಳೆದು ನೋಡಿದಾಗ ಅಂಥಾ ಲಾಭ ಕಂಡಿಲ್ಲ. ಏರಲ್ಲಿ ಎದ್ದು ನಿಂತು ತುಳಿಯುವಾಗ, ಮಳೇಲಿ, ಕಾಲು ಜಾರಲ್ಲ ಅನ್ನೋದೇ ನಿಜವಾದ ಅನುಕೂಲ. ದಿನಾ ಹತ್ತು ಕಿಲೋಮೀಟರ್ ತುಳಿಯೋರಿಗೆ ಇದು ಬೇಕೇ ಬೇಕು ಅಂತೇನಿಲ್ಲ.

ಸೈಕಲ್ ಶಾಪ್‌ನವರು ಗಮನಿಸಬೇಕಾದ್ದು ಮರೆ. ಎಡಗಡೆ ಪೆಡಲ್‌ದು ಉಲ್ಟಾ ಮರೆ. ಬಲಗಡೆ ಥರಾನೇ ತಿರುಗಿಸಿ ಬಲ ಹಾಕಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಮರೆ ಕಿತ್ತು ಬರುತ್ತೆ, ಆಮೇಲೆ ಆ ಕ್ರ್ಯಾಂಕೇ ಗುಜರಿ. ಸ್ಪ್ಯಾನರ್ ಮೇಲ್ಮುಖ ನಿಲ್ಲಿಸಿ, ಯಾವ ಕಡೆಯದಾದರೂ ಮುಂದಿನ ಚಕ್ರದ ಕಡೆ ತಿರುಗಿಸಿದರೆ ಬಿಗಿ, ಹಿಂದಿನ ಚಕ್ರದ ಕಡೆ ತಿರುಗಿಸಿದರೆ ಸಡಿಲ. ಮರೆಗೆ ಗ್ರೀಸ್ ಹಚ್ಚಿ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಸ್ಪ್ರಿಂಗ್ ಬಿಗಿಗೆ ಎಸ್‌ಪಿಡಿಯಲ್ಲಿ 3 ಎಂಎಂ ಅಲೆನ್ ಕೀ ಸಾಕು. ಎರಡೂ ಮಗ್ಗುಲು ಕ್ಲಿಪ್ ಇರೋ ಜೋಡಿಗೆ ಒಟ್ಟು ನಾಲ್ಕು ಸ್ಕ್ರೂ. ಹೊಸ ಗಿರಾಕಿಗೆ ನಾಲ್ಕನ್ನೂ ಪೂರ್ತಿ ಸಡಿಲಕ್ಕೆ ಇಟ್ಟು ಕೊಡಿ.

ಕೊಂಡವರು ಸೀದಾ ರಸ್ತೆಗೆ ಇಳಿಯಬೇಡಿ. ಗೋಡೆ ಹಿಡಿದು ನಿಂತು ಒಂದೊಂದು ಕಾಲಿಗೂ ಐವತ್ತು ಸಲ ಹಾಕಿ ತೆಗೆಯಿರಿ, ಆಮೇಲೆ ಶಾಲೆ ಮೈದಾನದಲ್ಲಿ ನಿಧಾನಕ್ಕೆ. ಹಂಪು, ಜಂಕ್ಷನ್ ಕಂಡ ಕೂಡಲೇ, ಬ್ರೇಕ್ ಹಿಡಿಯೋಕ್ಕಿಂತ ಮುಂಚೆ, ಒಂದು ಕಾಲು ಬಿಡಿಸಿಕೊಂಡಿರಬೇಕು.

ಇನ್ನು ಅಂಗಡಿ ಮುಂದೆ ಯಾರಾದರೂ ಹೀಗೆ ಬಿದ್ದರೆ ತೋಳು ಹಿಡಿದು ಎಳೆಯಬೇಡಿ. ಶೂ ಸಿಕ್ಕಿಕೊಂಡಿರುತ್ತೆ, ಎಳೆದಷ್ಟೂ ಮಂಡಿ ತಿರುಚುತ್ತೆ. ಮೊದಲು ಹಿಂದೆ ಬರೋ ಗಾಡಿ ನಿಲ್ಲಿಸಿ. ಬಿದ್ದವರಿಗೆ ಮಾತಾಡೋಕೆ ಆಗ್ತಿದ್ದರೆ ಕೇಳಿಕೊಂಡು, ಮೇಲಿರೋ ಕಾಲಿನ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ. ‘ಟಕ್’ ಅಂತ ಬಿಡುತ್ತೆ. ಕಾಲು ಮುಟ್ಟಿದರೇ ಚೀರಾಡುವಷ್ಟು ನೋವಿದ್ದರೆ ತಿರುಗಿಸಲೂ ಹೋಗಬೇಡಿ. ಶೂವಿನ ಲೇಸೋ ಪಟ್ಟಿಯೋ ಬಿಚ್ಚಿ ಪಾದ ಮಾತ್ರ ಹೊರಗೆ ತೆಗೆಯಿರಿ, ಶೂ ಪೆಡಲ್‌ನಲ್ಲೇ ಇರಲಿ.