ಬಿಯರಿಗೆ ಕರಗದ ಕಲ್ಲು

ಅಂಜನಾಪುರದ ನಮ್ಮ ರಸ್ತೆಯಲ್ಲಿ ಯಾರಿಗಾದರೂ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತೆಂದರೆ ಎರಡು ಸಲಹೆ ತಪ್ಪದೆ ಬರುತ್ತವೆ: ಬಾಳೆದಿಂಡಿನ ರಸ ಕುಡಿಯಿರಿ, ಇಲ್ಲವೇ ಬಿಯರ್ ಕುಡಿಯಿರಿ. ಕಲ್ಲು ಎಲ್ಲಿದೆ ಎಂದು ಕೇಳುವವರು ಕಡಿಮೆ. ಎರಡೂ ಹುಟ್ಟಿದ್ದು ಮೂತ್ರಪಿಂಡದ ಕಲ್ಲಿಗಾಗಿ. ಮೂತ್ರ ಹೆಚ್ಚಿದರೆ ಸಣ್ಣ ಕಲ್ಲು ಕೊಚ್ಚಿಹೋದೀತು ಎಂಬ ಲೆಕ್ಕ. ಆದರೆ ಕಲ್ಲು ಪಿತ್ತಕೋಶದಲ್ಲಿದ್ದರೆ? ಅದಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ.

ಪಿತ್ತಕೋಶವೆಂದರೆ ಯಕೃತ್ತಿನ ಅಡಿಗೆ ಅಂಟಿಕೊಂಡ ಪುಟ್ಟ ಚೀಲ. ಹಿಡಿಯುವುದು 30ರಿಂದ 50 ಮಿಲಿಲೀಟರ್. ಯಕೃತ್ತು ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಪಿತ್ತರಸ ಸ್ರವಿಸುತ್ತದೆ. ಚೀಲ ಅದರ ನೀರು ಹೀರಿ, ಗಟ್ಟಿ ಮಾಡಿ ಕಾದಿಡುತ್ತದೆ. ಮಸಾಲೆದೋಸೆಯ ಬೆಣ್ಣೆ ಸಣ್ಣಕರುಳಿಗೆ ಇಳಿದೊಡನೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ರಕ್ತ ಸೇರುತ್ತದೆ, ಚೀಲ ತನ್ನನ್ನು ತಾನೇ ಹಿಂಡಿಕೊಳ್ಳುತ್ತದೆ. ನಮ್ಮ ಪಕ್ಕದ ಬನ್ನೇರುಘಟ್ಟ ಕಾಡಿನ ಆನೆಗಳಿಗೆ ಈ ಚೀಲವೇ ಇಲ್ಲ! ಹಗಲು ರಾತ್ರಿ ಮೇಯುವ ಪ್ರಾಣಿಗೆ ಪಿತ್ತ ತೊಟ್ಟಿಕ್ಕುತ್ತಿದ್ದರೆ ಸಾಕು. ಹೊತ್ತುಹೊತ್ತಿಗೆ ಉಣ್ಣುವ ನಮಗೆ ದಾಸ್ತಾನು ಬೇಕು. ಆ ದಾಸ್ತಾನಿನಲ್ಲಿ ಕೊಲೆಸ್ಟೆರಾಲ್ ಮಿತಿಮೀರಿದರೆ ಹರಳುಗಟ್ಟುತ್ತದೆ. ಚೀಲ ಸರಿಯಾಗಿ ಬರಿದಾಗದಿದ್ದರೆ ಹರಳು ಕಲ್ಲಾಗುತ್ತದೆ.

ಮದ್ಯದ ವಿಷಯಕ್ಕೆ ಬಂದರೆ ಒಂದು ಅಚ್ಚರಿ. ಮಿತವಾಗಿ ಕುಡಿಯುವವರಲ್ಲಿ ಪಿತ್ತದ ಕಲ್ಲು ತುಸು ಕಡಿಮೆ ಎಂದು ಹಲವು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿದೆ. ದಯವಿಟ್ಟು ಇದನ್ನು ಔಷಧಿ ಚೀಟಿಯೆಂದು ಓದಬೇಡಿ. ಜೊತೆಜೊತೆಗೆ ಕಂಡದ್ದೆಲ್ಲ ಕಾರಣವಾಗುವುದಿಲ್ಲ, ಆಗಲೇ ಕೂತ ಕಲ್ಲನ್ನು ಮದ್ಯ ಕರಗಿಸುವುದೂ ಇಲ್ಲ. ಸುರಕ್ಷಿತ ಪ್ರಮಾಣದ ಮದ್ಯ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ವರ್ಷಗಟ್ಟಲೆ ಕುಡಿದು ಯಕೃತ್ತು ಸಿರೋಸಿಸ್‌ಗೆ ತಿರುಗಿದರೆ ಲೆಕ್ಕವೇ ತಲೆಕೆಳಗು. ಗುಲ್ಮ ಊದಿಕೊಂಡು ಕೆಂಪು ರಕ್ತಕಣಗಳು ಬೇಗ ಒಡೆಯುತ್ತವೆ, ಬಿಲಿರುಬಿನ್ ಹೆಚ್ಚುತ್ತದೆ, ಕಪ್ಪು ಬಣ್ಣದ ಕಲ್ಲುಗಳು ಹುಟ್ಟುತ್ತವೆ.

ನನ್ನನ್ನು ಹೆಚ್ಚು ಕಾಡುವುದು ಮೇದೋಜೀರಕ ಗ್ರಂಥಿ. ಪಿತ್ತನಾಳವೂ ಅದರ ನಾಳವೂ ಸಾಮಾನ್ಯವಾಗಿ ಒಂದೇ ಬಾಗಿಲಲ್ಲಿ ಕರುಳಿಗೆ ತೆರೆದುಕೊಳ್ಳುತ್ತವೆ. ಜಾರಿದ ಕಲ್ಲು ಆ ಬಾಗಿಲಿಗೆ ಸಿಕ್ಕಿಕೊಂಡರೆ ಗ್ರಂಥಿ ಉರಿಯೂತಕ್ಕೆ ಸಿಕ್ಕಿ, ತನ್ನ ಜೀರ್ಣರಸದಲ್ಲಿ ತಾನೇ ಬೇಯತೊಡಗುತ್ತದೆ. ಈ ಕಾಯಿಲೆಗೆ ಜಗತ್ತಿನಾದ್ಯಂತ ಎರಡು ಮುಖ್ಯ ಕಾರಣಗಳು: ಪಿತ್ತದ ಕಲ್ಲು ಮತ್ತು ಮದ್ಯ. ಕಲ್ಲಿರುವವರಿಗೆ ಬಿಯರ್ ಕುಡಿಯಿರಿ ಎನ್ನುವುದೆಂದರೆ ಎರಡನ್ನೂ ಒಂದೇ ಹೊಟ್ಟೆಯಲ್ಲಿ ಕೂಡಿಸಿದಂತೆ.

ಬಲ ಪಕ್ಕೆಲುಬಿನ ಕೆಳಗೋ ಹೊಟ್ಟೆಯ ಮೇಲ್ಭಾಗದಲ್ಲೋ ಶುರುವಾದ ನೋವು ಬೆನ್ನಿಗೆ ಹರಿದು ಗಂಟೆಗಟ್ಟಲೆ ನಿಂತರೆ, ಜೊತೆಗೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ‘ಗ್ಯಾಸ್ಟ್ರಿಕ್ಕು’ ಎಂದು ಸೋಡಾ ಕುಡಿದು ಮಲಗಬೇಡಿ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.